ಮೊದಲ ಹೆರಿಗೆಯ ಭಯ ಹೋಗಿಲ್ಲ, ಈ ಸಲ ಆಪರೇಷನ್ ಮಾಡಿ ಅಂತ ಕೇಳಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಮಧುಗಿರಿ ತಾಲ್ಲೂಕು. ನನಗೆ 27 ವರ್ಷ. ಮೊದಲ ಮಗುವಿಗೆ ಈಗ ಎರಡೂವರೆ ವರ್ಷ. ಆ ಹೆರಿಗೆ ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತದೆ. ಒಂದು ಹಗಲು, ಒಂದು ರಾತ್ರಿ ನೋವು ತಿಂದೆ. ಕೊನೆಗೆ ಒಬ್ಬರು ಹೊಟ್ಟೆ ಒತ್ತಿದರು, ಡಾಕ್ಟರು ವ್ಯಾಕ್ಯೂಮ್ ಹಾಕಿ ಎಳೆದರು. ಕೂಗಿಕೊಂಡಿದ್ದಕ್ಕೆ ತೊಡೆಗೆ ಹೊಡೆದರು. ರಕ್ತ ಜಾಸ್ತಿ ಹೋಗಿ ಎರಡು ಬಾಟಲಿ ರಕ್ತ ಹಾಕಿದರು. ಹೊಲಿಗೆ ಹಿಂದಿನವರೆಗೂ ಹೋಗಿದೆ ಎಂದರು. ಮಗು ನಾಲ್ಕು ದಿನ ಐಸಿಯುನಲ್ಲಿತ್ತು. ಈಗ ಮತ್ತೆ 24 ವಾರ. ಈ ಸಲ ಮೊದಲೇ ಡೇಟ್ ಕೊಟ್ಟು ಸಿಸೇರಿಯನ್ ಮಾಡಲಿ ಅಂತ ಆಸೆ. ಡಾಕ್ಟರು 'ಮೊದಲನೆಯದು ನಾರ್ಮಲ್ ಆಗಿದೆಯಲ್ಲ, ಇದೂ ಆಗುತ್ತೆ' ಎಂದು ಮಾತು ಮುಗಿಸಿದರು. ನಮ್ಮತ್ತೆ 'ನಾವೆಲ್ಲ ಮನೆಯಲ್ಲೇ ಹೆತ್ತಿಲ್ವಾ' ಅನ್ನುತ್ತಾರೆ. ಯಜಮಾನರು 'ಮಾಡಿಸೋದೇ ಆದ್ರೆ ಜೋಯಿಸರ ಹತ್ರ ಒಳ್ಳೆ ಸಮಯ ಕೇಳೋಣ' ಅನ್ನುತ್ತಾರೆ. ಆಪರೇಷನ್ ಕೇಳುವುದು ತಪ್ಪಾ? ಕೇಳಿದರೆ ಮಾಡುತ್ತಾರಾ? ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಬೆನ್ನುನೋವಂತೆ, ನಿಜವಾ? ಇನ್ನೊಂದು ವಿಷಯ. ಆ ಹೆರಿಗೆ ಆದಾಗಿನಿಂದ ಗ್ಯಾಸ್ ತಡೆದುಕೊಳ್ಳೋಕೆ ಆಗಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಉತ್ತರ: ಕೇಳುವುದು ಖಂಡಿತ ತಪ್ಪಲ್ಲ. ನಿಮ್ಮ ಜಾಗದಲ್ಲಿ ಯಾರಿದ್ದರೂ ಕೇಳಬೇಕಾದ ಪ್ರಶ್ನೆಯೇ ಇದು. 24ನೇ ವಾರದಲ್ಲೇ ಕೇಳುತ್ತಿದ್ದೀರಿ, ಅದು ಇನ್ನೂ ಒಳ್ಳೆಯದು. ಒಂಬತ್ತು ತಿಂಗಳು ತುಂಬಿದ ಮೇಲೆ ಅಳುತ್ತಾ ಬಂದು ಕೇಳುವವರೇ ಜಾಸ್ತಿ. ಆಗ ಯೋಚನೆ ಮಾಡುವುದಕ್ಕೆ ನಿಮಗೂ ಸಮಯ ಇರುವುದಿಲ್ಲ, ಡಾಕ್ಟರಿಗೂ ಇರುವುದಿಲ್ಲ.

ಪತ್ರದ ಕೊನೆಯಲ್ಲಿ ಸಂಕೋಚಪಟ್ಟುಕೊಂಡು ಒಂದು ಸಾಲು ಬರೆದಿದ್ದೀರಿ, ಗ್ಯಾಸ್ ತಡೆಯೋಕೆ ಆಗಲ್ಲ ಅಂತ. ವೈದ್ಯೆಯಾಗಿ ನನಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ ಸಾಲು. ನಿಮ್ಮ ಡಾಕ್ಟರು 'ಇದೂ ನಾರ್ಮಲ್ ಆಗುತ್ತೆ' ಎಂದಾಗ ಈ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಯಾಕೆ ಅಂತ ಹೇಳುತ್ತೇನೆ. ಮಲದ್ವಾರದ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಚೀಲದ ಬಾಯಿಗೆ ಲಾಡಿ ಎಳೆದು ಬಿಗಿ ಮಾಡುತ್ತೇವಲ್ಲ, ಅಂಥದೇ ಕೆಲಸ ಅದರದು. ಹೆರಿಗೆಯಲ್ಲಿ ಸಣ್ಣಪುಟ್ಟ ಹರಿತ, ಅಂದರೆ ಸೀಳು, ಆಗುವುದು ಸಾಮಾನ್ಯ. ಹೊಲಿಗೆ ಹಾಕುತ್ತಾರೆ, ಕೆಲವು ವಾರದಲ್ಲಿ ಕೂಡಿಕೊಳ್ಳುತ್ತದೆ. ಆದರೆ ಹರಿತ ಆ ಉಂಗುರದವರೆಗೆ ಹೋದರೆ ಅದನ್ನು ಮೂರನೇ ಡಿಗ್ರಿ ಎನ್ನುತ್ತೇವೆ. ಅದನ್ನೂ ದಾಟಿ ಮಲದ್ವಾರದ ಒಳಪದರವೂ ಹರಿದರೆ ನಾಲ್ಕನೇ ಡಿಗ್ರಿ. ಮೊದಲ ಹೆರಿಗೆ, ದೊಡ್ಡ ಮಗು, ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ (ಇಕ್ಕಳ), ತುಂಬಾ ಹೊತ್ತು ಮುಕ್ಕಿದ್ದು, ಇವೆಲ್ಲ ಸೇರಿದಾಗ ಇದು ಆಗುವ ಸಾಧ್ಯತೆ ಹೆಚ್ಚು. ನಿಮಗೆ 'ಹಿಂದಿನವರೆಗೂ' ಎಂದು ಹೇಳಿರುವುದು, ಆಮೇಲೆ ಗ್ಯಾಸ್ ತಡೆಯಲಾಗದೆ ಇರುವುದು, ಎರಡನ್ನೂ ಸೇರಿಸಿ ನೋಡಿದರೆ ನಿಮಗೆ ಆಗಿರುವುದು ಇದೇ ಇರಬೇಕು. ಪರೀಕ್ಷೆ ಮಾಡಿಯೇ ಖಚಿತಪಡಿಸಿಕೊಳ್ಳಬೇಕು.

ಇಂಥ ಹರಿತ ಒಮ್ಮೆ ಆದವರಿಗೆ ಮುಂದಿನ ಹೆರಿಗೆ ನಾರ್ಮಲ್ ಆದರೆ ಮತ್ತೆ ಅಷ್ಟೇ ಹರಿಯುವುದು 100ರಲ್ಲಿ 5ರಿಂದ 7 ಜನಕ್ಕೆ. ಅಂದರೆ ಹೆಚ್ಚಿನವರಿಗೆ ಆಗುವುದಿಲ್ಲ. ಹಾಗಾಗಿ ಯಾವ ತೊಂದರೆಯೂ ಉಳಿದಿಲ್ಲ, ಸ್ನಾಯು ಗಟ್ಟಿಯಾಗಿದೆ ಎಂದರೆ ನಾರ್ಮಲ್ ಹೆರಿಗೆಗೆ ಧೈರ್ಯವಾಗಿ ಹೋಗಬಹುದು. ಆದರೆ ತೊಂದರೆ ಇನ್ನೂ ಇದೆ ಅಥವಾ ಪರೀಕ್ಷೆಯಲ್ಲಿ ಸ್ನಾಯು ಸಡಿಲ ಕಂಡಿದೆ ಎಂದರೆ ಲೆಕ್ಕ ಬೇರೆ. ಅಂಥವರಿಗೆ ಪ್ಲ್ಯಾನ್ ಮಾಡಿದ ಸಿಸೇರಿಯನ್ ಕೂಡ ಒಂದು ದಾರಿ ಎಂದು ವೈದ್ಯರೇ ಮುಂದಾಗಿ ಹೇಳಬೇಕು ಅಂತ ಪ್ರಸೂತಿ ಮಾರ್ಗಸೂಚಿಗಳೇ ಹೇಳುತ್ತವೆ. ನೀವು ಆ ಎರಡನೇ ಗುಂಪಿನಲ್ಲಿ ಇರುವ ಹಾಗೆ ಕಾಣುತ್ತದೆ. ನಿಮ್ಮ ಬೇಡಿಕೆಗೆ ಭಯ ಒಂದೇ ಅಲ್ಲ, ದೇಹದ ಕಾರಣವೂ ಇದೆ.

ಒಂದು ವಿಷಯ ಮಾತ್ರ ಸ್ಪಷ್ಟ ಇರಲಿ. ಸಿಸೇರಿಯನ್ ಹಳೆಯ ಹರಿತವನ್ನು ಸರಿಮಾಡುವುದಿಲ್ಲ. ಇನ್ನಷ್ಟು ಹಾಳಾಗದಂತೆ ಕಾಪಾಡುತ್ತದೆ, ಅಷ್ಟೇ. ಗ್ಯಾಸ್ ತೊಂದರೆಗೆ ಬೇರೆಯೇ ಚಿಕಿತ್ಸೆ ಬೇಕು. ತಳಭಾಗದ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮದಿಂದ ಅದು ಶುರುವಾಗುತ್ತದೆ. ಬಸುರಿನಲ್ಲೂ ಮಾಡಬಹುದು. ಗ್ಯಾಸ್ ತಡೆಯುವಾಗ ಹೇಗೆ ಒಳಗೆಳೆದುಕೊಳ್ಳುತ್ತೀರೋ ಹಾಗೆ ಎಳೆದು, ಐದು ಎಣಿಸಿ, ಬಿಡಿ. ಉಸಿರು ಕಟ್ಟಬೇಡಿ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಅಡುಗೆ ಮನೆಯಲ್ಲಿ ನಿಂತೇ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ. ಮಲಬದ್ಧತೆ ಆಗದ ಹಾಗೂ ನೋಡಿಕೊಳ್ಳಿ. ಬಾಣಂತನ ಮುಗಿದ ಮೇಲೂ ತೊಂದರೆ ಉಳಿದರೆ ಫಿಸಿಯೋಥೆರಪಿ ಇದೆ, ಸರ್ಜರಿ ವಿಭಾಗದವರ ಸಲಹೆಯೂ ಇದೆ. ಯಾರಿಗೂ ಹೇಳದೆ ಎರಡೂವರೆ ವರ್ಷ ಅನುಭವಿಸಿದ್ದೀರಿ. ಇದರಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲಮ್ಮ.

ಈಗ ಮೊದಲು ಮಾಡಬೇಕಾದ ಕೆಲಸ, ಹಿಂದಿನ ಹೆರಿಗೆಯ ಕೇಸ್ ಶೀಟ್, ಅಂದರೆ ಆಸ್ಪತ್ರೆಯವರು ಬರೆದಿಟ್ಟ ಪೂರ್ತಿ ದಾಖಲೆ, ತರಿಸಿಕೊಳ್ಳುವುದು. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು, ಅದರಲ್ಲಿ ಎರಡು ಸಾಲು ಇರುತ್ತದೆ ಅಷ್ಟೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಅದೇ ನಿಯಮದ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಮಗುವಿಗೆ ಎರಡೂವರೆ ವರ್ಷ. ಇನ್ನು ಆರು ತಿಂಗಳು ಸುಮ್ನೆ ಬಿಟ್ಟರೆ ಆ ಕಾಗದ ಸಿಗುತ್ತದೆ ಎನ್ನುವ ಖಾತ್ರಿ ಇರುವುದಿಲ್ಲ. ಈ ವಾರವೇ ಒಂದು ಅರ್ಜಿ ಬರೆಯಿರಿ. ಹೆಸರು, ದಾಖಲಾದ ದಿನ, ಐಪಿ ನಂಬರ್ (ಒಳರೋಗಿ ಸಂಖ್ಯೆ) ಹಾಕಿ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಜಗಳ ಬೇಡ. 'ಎರಡನೇ ಹೆರಿಗೆಗೆ ಡಾಕ್ಟರು ಕೇಳಿದ್ದಾರೆ' ಎಂದರೆ ಸಾಕು.

ಆ ಕೇಸ್ ಶೀಟ್ ನೋಡಿದಾಗ ನನ್ನಂಥವರು ಹುಡುಕುವುದು ಕೆಲವೇ ವಿಷಯ. ಮಗುವಿನ ತೂಕ ಎಷ್ಟಿತ್ತು? ತಲೆ ಯಾವ ಕಡೆ ತಿರುಗಿತ್ತು? ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಎಷ್ಟು ಹೊತ್ತು ಮುಕ್ಕಿಸಿದರು? ವ್ಯಾಕ್ಯೂಮ್ ಹಾಕಿದ್ದು ಯಾವ ಕಾರಣಕ್ಕೆ? ತಲೆ ಬಂದ ಮೇಲೆ ಮಗುವಿನ ಭುಜ ಸಿಕ್ಕಿಕೊಂಡಿತ್ತಾ? ಹರಿತ ಎಷ್ಟನೇ ಡಿಗ್ರಿ, ಹೊಲಿದಿದ್ದು ಲೇಬರ್ ರೂಮಿನಲ್ಲಾ, ಓಟಿಯಲ್ಲಾ? ರಕ್ತ ಹೋಗಿದ್ದು ಗರ್ಭಕೋಶ ಬಿಗಿಯಾಗದೆಯಾ, ಹರಿತದಿಂದಲಾ? ಇವಕ್ಕೆ ಉತ್ತರ ಸಿಕ್ಕರೆ ಈ ಸಲದ ಅಂದಾಜು ತುಂಬಾ ಬದಲಾಗುತ್ತದೆ. ಉದಾಹರಣೆಗೆ, ಮಗುವಿನ ಮುಖ ಮೇಲಕ್ಕೆ ತಿರುಗಿದ್ದರಿಂದ ಹೆರಿಗೆ ಅಷ್ಟು ಎಳೆದಿದ್ದರೆ, ಅದು ಆ ಸಲದ ಸಂಗತಿ. ಈ ಸಲವೂ ಹಾಗೇ ಆಗಬೇಕೆಂದಿಲ್ಲ. ಅದೇ, ಭುಜ ಸಿಕ್ಕಿಕೊಂಡಿದ್ದರೆ ಅದು ಮರುಕಳಿಸುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದರಲ್ಲೂ ಸಕ್ಕರೆ ಕಾಯಿಲೆ ಬಂದು ಮಗು ದೊಡ್ಡದಾಗಿದ್ದರೆ ಇನ್ನೂ ಜಾಸ್ತಿ. ಬಸುರಿನ ಸಕ್ಕರೆ ಪರೀಕ್ಷೆ ಮಾಡಿಸಿಲ್ಲದಿದ್ದರೆ 24ರಿಂದ 28 ವಾರವೇ ಅದಕ್ಕೆ ಸರಿಯಾದ ಸಮಯ.

ರಕ್ತಸ್ರಾವದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆಪರೇಷನ್ ಆದರೆ ರಕ್ತ ಹೋಗುವುದಿಲ್ಲ ಅಂತ. ಹಾಗಿಲ್ಲ. ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ನಾರ್ಮಲ್‌ಗಿಂತ ಹೆಚ್ಚೇ ರಕ್ತ ಹೋಗುತ್ತದೆ. ಒಮ್ಮೆ ಜಾಸ್ತಿ ರಕ್ತ ಹೋದವರಿಗೆ ಹೆರಿಗೆ ಹೇಗೇ ಆದರೂ ಮತ್ತೆ ಹೋಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದಕ್ಕೆ ತಯಾರಿ ಈಗಿನಿಂದಲೇ ಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಮೇಲಿರಬೇಕು. ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಬಿಡದೆ ತಗೊಳ್ಳಿ, ಕಾಫಿ ಟೀ ಜೊತೆ ಮಾತ್ರ ಬೇಡ. ಮಾತ್ರೆಯಲ್ಲಿ ಏರದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಹೆರಿಗೆ ಆಗುವ ಆಸ್ಪತ್ರೆಯಲ್ಲಿ ನಿಮ್ಮ ಗುಂಪಿನ ರಕ್ತ ಸಿದ್ಧ ಇರಬೇಕು. 'ಹೋದ ಸಲ ಎರಡು ಬಾಟಲಿ ರಕ್ತ ಹಾಕಿದ್ದಾರೆ' ಎಂದು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿ.

ಇನ್ನು ಭಯದ ಮಾತು. ಇದಕ್ಕೆ ನಾನು ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಕಡೆ ಇದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ನಿಮಗೆ ಆಗಿದ್ದರಲ್ಲಿ ಕೆಲವು ಆಗಲೇಬಾರದಿತ್ತು. ನೋವು ತಿನ್ನುತ್ತಿರುವ ಹೆಂಗಸಿಗೆ ಹೊಡೆಯುವುದಕ್ಕೆ ಯಾವ ವೈದ್ಯಶಾಸ್ತ್ರದಲ್ಲೂ ಸಮರ್ಥನೆ ಇಲ್ಲ. ಮಗು ಬೇಗ ಬರಲಿ ಅಂತ ಮೇಲಿನಿಂದ ಹೊಟ್ಟೆ ಒತ್ತುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಲೇಬರ್ ರೂಮಿನಲ್ಲಿ ತಾಯಿಯನ್ನು ಗೌರವದಿಂದ ನೋಡಿಕೊಳ್ಳುವುದೂ ಒಂದು ಅಂಶ. ಆದ್ದರಿಂದ 'ನಾನು ಕೂಗಿದ್ದು ತಪ್ಪಾಯಿತೇನೋ' ಎನ್ನುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೆ ತೆಗೆದುಹಾಕಿ. ನಿಮ್ಮದು ಏನೂ ತಪ್ಪಿಲ್ಲ.

ಇಂಥ ಹೆರಿಗೆ ಆದ ಮೇಲೆ ಕೆಲವರಿಗೆ ಅದೇ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ಕನಸಿನಲ್ಲಿ ಬೆಚ್ಚಿ ಏಳುತ್ತಾರೆ. ಆಸ್ಪತ್ರೆಯ ಫಿನಾಯಿಲ್ ವಾಸನೆಗೇ ಎದೆ ಹೊಡೆದುಕೊಳ್ಳುತ್ತದೆ. ಮಗು ಹುಟ್ಟುಹಬ್ಬದ ದಿನ ಎಲ್ಲರೂ ನಗುತ್ತಿದ್ದರೆ ಅಮ್ಮನಿಗೆ ಮಾತ್ರ ಅಳು ಬರುತ್ತದೆ. ಇದು ಮನಸ್ಸಿಗೆ ಆದ ಗಾಯ, ಇದಕ್ಕೆ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆಯೇ ಮುಖ್ಯ, ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಹೋಗಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರಿಗೆಂದೇ ಮಾನಸಿಕ ಆರೋಗ್ಯ ಸೇವೆ ಇದೆ, ತಾಯಿ ಮಗುವನ್ನು ಜೊತೆಗೇ ಇಟ್ಟುಕೊಳ್ಳುವ ವಾರ್ಡೂ ಇದೆ.

ಆದರೆ ಒಂದು ಮಾತು. ಆಪ್ತಸಮಾಲೋಚನೆಗೆ ಹೋಗಿ ಎನ್ನುತ್ತಿರುವುದು ನಿಮ್ಮ ಮನಸ್ಸು ಬದಲಾಯಿಸಲಿ ಅಂತಲ್ಲ. ಚಿಕಿತ್ಸೆ ಹೇಗಿರಬೇಕೆಂದು ವೈದ್ಯರಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ 2011ರಿಂದಲೂ ಹೇಳುತ್ತಿರುವುದು ಇದನ್ನೇ. ಹೆರಿಗೆಯ ಭಯದಿಂದ ಸಿಸೇರಿಯನ್ ಕೇಳುವವರಿಗೆ ಮೊದಲು ಮನಸ್ಸಿನ ಬೆಂಬಲ ಕೊಡಿ, ಎಲ್ಲ ವಿವರಿಸಿ. ಆಮೇಲೂ ಅವರಿಗೆ ಅದೇ ಬೇಕೆನಿಸಿದರೆ ಮಾಡಿಕೊಡಿ. ಭಯವೂ ಒಂದು ಕಾರಣ ಎಂದು ಒಪ್ಪಿಕೊಂಡ ಮಾತದು. ನಾನೂ ಅದನ್ನು ಒಪ್ಪುತ್ತೇನೆ.

ಹಾಗಾದರೆ ನಮ್ಮಲ್ಲಿ ಡಾಕ್ಟರುಗಳು ಯಾಕೆ ಹಿಂದೇಟು ಹಾಕುತ್ತಾರೆ? ಕಾರಣವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015-16ರಲ್ಲಿ ಶೇ. 23.6 ಇತ್ತು, 2019-21ರ ಹೊತ್ತಿಗೆ ಶೇ. 31.5 ಆಯಿತು. ಇಡೀ ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3, ಖಾಸಗಿಯಲ್ಲಿ ಶೇ. 47.4. ಬೇಡದ ಕಡೆ ತುಂಬಾ ಆಪರೇಷನ್ ಆಗುತ್ತಿದೆ ಎನ್ನುವುದು ನಿಜ. ಅದನ್ನು ತಗ್ಗಿಸಿ ಎಂಬ ಒತ್ತಡ ಡಾಕ್ಟರುಗಳ ಮೇಲಿರುವುದೂ ನಿಜ. ಆದರೆ ಆ ಅಂಕಿ ತಗ್ಗಿಸುವ ಭಾರ ನಿಮ್ಮಂಥವರ ಮೇಲೆ ಬೀಳಬಾರದು. ಕಾರಣವೇ ಇಲ್ಲದೆ ಕೇಳುವುದು ಬೇರೆ, ಇಷ್ಟೆಲ್ಲ ಆದ ಮೇಲೆ ಕೇಳುವುದು ಬೇರೆ.

ಕೇಳಿದ ತಕ್ಷಣ ಮಾಡಲೇಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ಅದಕ್ಕೇ ಕೇಳುವ ರೀತಿ ಮುಖ್ಯ. ಒಪಿಡಿಯಲ್ಲಿ ಹಿಂದೆ ನಲವತ್ತು ಜನ ನಿಂತಿರುವಾಗ 'ಮೇಡಂ, ನಂಗೆ ಆಪರೇಷನ್ ಮಾಡಿಬಿಡಿ' ಎಂದರೆ 'ಯಾಕಮ್ಮ ಸುಮ್ನೆ ಹೆದರ್ತೀಯಾ' ಎನ್ನುವ ಉತ್ತರವೇ ಬರುತ್ತದೆ. ಬದಲಿಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. 'ಹೋದ ಸಲ ವ್ಯಾಕ್ಯೂಮ್ ಹೆರಿಗೆ. ಮಲದ್ವಾರದವರೆಗೆ ಹರಿದಿತ್ತು. ಈಗಲೂ ಗ್ಯಾಸ್ ತಡೆಯಲು ಆಗುವುದಿಲ್ಲ. ರಕ್ತ ಹಾಕಿದ್ದರು. ಮಗು ಐಸಿಯುನಲ್ಲಿತ್ತು. ಹೆರಿಗೆ ಎಂದರೆ ನಿದ್ದೆ ಬರುವುದಿಲ್ಲ. ನನ್ನ ಸ್ನಾಯು ಪರೀಕ್ಷೆ ಮಾಡಿ, ಸಿಸೇರಿಯನ್ ಬಗ್ಗೆ ಮಾತಾಡಲು ಹತ್ತು ನಿಮಿಷ ಬೇಕು. ಯಾವ ದಿನ ಬರಲಿ?' ಇಷ್ಟು ಸಾಕು. ಕೇಸ್ ಶೀಟನ್ನೂ ಜೊತೆಗೆ ಕೊಡಿ. ಆ ಹತ್ತು ನಿಮಿಷಕ್ಕೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಆ ದಿನ ತಜ್ಞ ವೈದ್ಯರು ಸಿಗುವ ಅವಕಾಶ ಹೆಚ್ಚು, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಆಗಲೂ 'ಇಲ್ಲ' ಎಂದರೆ, ಯಾಕೆ ಇಲ್ಲ ಎಂದು ಕೇಳಿ. ಕಾರಣ ಸರಿಯಾಗಿದ್ದರೆ ನಿಮಗೇ ಅನಿಸುತ್ತದೆ. ಅನಿಸದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ನಿಮ್ಮ ಹಿಂದಿನ ಹೆರಿಗೆ ನೋಡಿದರೆ, ನಾರ್ಮಲ್ ಆಗಲಿ, ಆಪರೇಷನ್ ಆಗಲಿ, ರಕ್ತನಿಧಿ, ಅರಿವಳಿಕೆ ತಜ್ಞರು, ಮಕ್ಕಳ ಐಸಿಯು ಮೂರೂ ಒಂದೇ ಕಡೆ ಇರುವಲ್ಲಿ ಹೆರಿಗೆ ಆಗುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಕೂಡ ಉಚಿತ. 2011ರಿಂದ ಇದೆ. ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಸೇರಿ. ಖಾಸಗಿಗೆ ಹೋದರೆ ಪ್ಯಾಕೇಜಿನಲ್ಲಿ ಏನೇನು ಸೇರಿದೆ, ಮಗು ಐಸಿಯುಗೆ ಹೋದರೆ ದಿನಕ್ಕೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ನೀವು. ಅತ್ತೆಯೂ ಅಲ್ಲ, ಯಜಮಾನರೂ ಅಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಅಲ್ಲಿ ರೋಗಿಗೆ ಪ್ರಜ್ಞೆ ಇಲ್ಲದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ತುರ್ತು ಇಲ್ಲದಿದ್ದಾಗ ವಯಸ್ಕ ರೋಗಿಯ ಪರವಾಗಿ ಬೇರೆಯವರ ಒಪ್ಪಿಗೆ ಸಾಲದು ಎಂದಿತು ನ್ಯಾಯಾಲಯ. ಇದನ್ನು ಇಲ್ಲಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಸಿಸೇರಿಯನ್ ಎಂದ ಕೂಡಲೇ ಮನೆಯವರು 'ಅದರ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮಾಡಿಬಿಡಿ' ಎನ್ನುತ್ತಾರೆ. ಅದು ಬೇರೆಯೇ ನಿರ್ಧಾರ, ಅದಕ್ಕೆ ಬೇರೆಯೇ ಒಪ್ಪಿಗೆ. ನಿಮಗೆ ಬೇಕಿದ್ದರೆ ಸರಿ. ಇನ್ನೂ ಖಚಿತ ಇಲ್ಲದಿದ್ದರೆ ಆಪರೇಷನ್ ಸಮಯದಲ್ಲೇ ಕಾಪರ್ ಟಿ ಹಾಕಿಸಿಕೊಳ್ಳಬಹುದು.

ಮಕ್ಕಳ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಿಸೇರಿಯನ್ ಬೇಕಾ ಬೇಡವಾ ಎನ್ನುವ ತೂಕದಲ್ಲಿ ಇದು ದೊಡ್ಡ ಅಂಶ. ಗರ್ಭಕೋಶದ ಮೇಲೆ ಒಂದು ಗಾಯದ ಕಲೆ ಉಳಿಯುತ್ತದೆ. ಮುಂದಿನ ಬಸುರಿನಲ್ಲಿ ಮಾಸು ಆ ಕಲೆಯ ಮೇಲೇ ಕೂತು ಒಳಕ್ಕೆ ಬೇರೂರಬಹುದು. ಹೆರಿಗೆಯಲ್ಲಿ ಅದು ಬಿಡದೆ ಪ್ರಾಣಾಪಾಯದ ರಕ್ತಸ್ರಾವ ಆಗಬಹುದು. ಒಂದು ಸಿಸೇರಿಯನ್ ಆದವರಿಗೆ ಇದು ಅಪರೂಪ. ಎರಡು, ಮೂರು ಎಂದು ಹೆಚ್ಚಾದಂತೆಲ್ಲ ಅಪಾಯ ಏರುತ್ತಾ ಹೋಗುತ್ತದೆ. ನೀವು ಎರಡಕ್ಕೇ ಸಾಕು ಎನ್ನುವುದಾದರೆ ಈ ಚಿಂತೆ ಬಹಳ ಕಡಿಮೆ. ಮೂರು, ನಾಲ್ಕು ಬೇಕು ಎಂಬ ಮನಸ್ಸಿದ್ದರೆ ಇದನ್ನು ಎರಡು ಸಲ ಯೋಚಿಸಿ. ಗಾಯಕ್ಕೆ ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಅಪರೂಪಕ್ಕೆ ಮೂತ್ರಚೀಲಕ್ಕೆ ಪೆಟ್ಟು, ಇವೂ ಇವೆ.

ಆ ದಿನ ಹೇಗಿರುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಕಡಿಮೆ. ಹಿಂದಿನ ರಾತ್ರಿ ಮಾಮೂಲಿ ಊಟ ಮಾಡಬಹುದು. ಆಪರೇಷನ್‌ಗೆ ಆರು ಗಂಟೆ ಮೊದಲು ಗಟ್ಟಿ ಆಹಾರ ನಿಲ್ಲಿಸಬೇಕು, ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ನಿಮ್ಮ ಆಸ್ಪತ್ರೆಯವರು ಹೇಳುವ ಸಮಯ ಪಾಲಿಸಿ. ಓಟಿ ತಣ್ಣಗಿರುತ್ತದೆ. ಟೇಬಲ್ ಮೇಲೆ ಕೂರಿಸಿ, ತಲೆ ಬಗ್ಗಿಸಿ, ಬೆನ್ನು ಬಾಗಿಸಿ ಹಿಡಿದುಕೊಳ್ಳುತ್ತಾರೆ. ಔಷಧಿ ಹಚ್ಚಿದಾಗ ಬೆನ್ನಿಗೆ ಐಸ್ ಇಟ್ಟ ಹಾಗಾಗುತ್ತದೆ. ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಕಾಲು ಬೆಚ್ಚಗಾಗಿ, ಭಾರವಾಗಿ, ನಿಮ್ಮದೇ ಅಲ್ಲವೇನೋ ಅನಿಸುತ್ತದೆ. ಎದುರಿಗೆ ಹಸಿರು ಬಟ್ಟೆ ಕಟ್ಟುತ್ತಾರೆ. ನೋವು ಗೊತ್ತಾಗುವುದಿಲ್ಲ, ಆದರೆ ಎಳೆಯುವುದು, ಒತ್ತುವುದು ಗೊತ್ತಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ 'ಇಂಜೆಕ್ಷನ್ ಕೆಲಸ ಮಾಡಿಲ್ಲ' ಎಂದು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮಗುವಿನ ಅಳು ಕೇಳುತ್ತದೆ. ಹೊಲಿಗೆಗೇ ಜಾಸ್ತಿ ಹೊತ್ತು. ಮೊದಲೇ ಕೇಳಿಕೊಂಡಿದ್ದರೆ ಮಗುವನ್ನು ಅಲ್ಲೇ ನಿಮ್ಮ ಕೆನ್ನೆಗೆ ತಾಗಿಸಿ ತೋರಿಸುತ್ತಾರೆ. ಮೊದಲ ಗಂಟೆಯಲ್ಲೇ ಹಾಲೂಡಿಸಬಹುದು.

ಬೆನ್ನುನೋವಿನ ಮಾತು ನಿಜವಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಕೆಲವರಿಗೆ ಎದ್ದು ಕೂತರೆ ತಲೆನೋವು ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಆ ಇಂಜೆಕ್ಷನ್ ಕಾರಣ ಅಲ್ಲ. ಅದು ನಾರ್ಮಲ್ ಹೆರಿಗೆ ಆದವರಿಗೂ ಅಷ್ಟೇ ಬರುತ್ತದೆ. ಬಗ್ಗಿ ಮಗು ಎತ್ತುವುದು, ಬೆನ್ನು ಗೂನು ಮಾಡಿಕೊಂಡು ಹಾಲು ಕೊಡುವುದು, ಹೊಟ್ಟೆಯ ಸ್ನಾಯು ಸಡಿಲವಾಗಿರುವುದು ಕಾರಣ.

ಕಷ್ಟ ಇರುವುದು ಆಮೇಲಿನ ವಾರಗಳಲ್ಲಿ. ಮೊದಲ ಸಲ ಮಂಚದಿಂದ ಏಳುವಾಗ ನೇರವಾಗಿ ಏಳಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಮೇಲೇಳಿ. ಕೆಮ್ಮು, ಸೀನು ಬಂದರೆ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದುಕೊಳ್ಳಿ. ಆಪರೇಷನ್ ಆದ 24 ಗಂಟೆಯೊಳಗೆ ನಾಲ್ಕು ಹೆಜ್ಜೆ ನಡೆಯಲೇಬೇಕು, ರಕ್ತ ಹೆಪ್ಪುಗಟ್ಟದಿರಲು ಅದೇ ಮದ್ದು. ಆರು ವಾರ ಭಾರ ಎತ್ತುವ ಹಾಗಿಲ್ಲ. ಅಂದರೆ ನಿಮ್ಮ ದೊಡ್ಡ ಮಗುವನ್ನೂ ಎತ್ತಿಕೊಳ್ಳುವ ಹಾಗಿಲ್ಲ. ಎರಡೂವರೆ ವರ್ಷದ ಮಗುವಿಗೆ ಅದು ಅರ್ಥ ಆಗಲ್ಲ, ಅಳುತ್ತದೆ. ಕೂತುಕೊಂಡು ತೊಡೆ ಮೇಲೆ ಹತ್ತಿಸಿಕೊಳ್ಳಿ, ಪಕ್ಕದಲ್ಲಿ ದಿಂಬು ಇಟ್ಟುಕೊಂಡು ಮಲಗಿಸಿಕೊಳ್ಳಿ. ನಾರ್ಮಲ್ ಆದರೆ ಈ ಕಷ್ಟ ಇಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಬಾಣಂತನಕ್ಕೆ ತವರಿಗೆ ಹೋಗುತ್ತೀರೋ, ಅಮ್ಮ ಬಂದು ಇರುತ್ತಾರೋ ಈಗಲೇ ತೀರ್ಮಾನ ಮಾಡಿ. ಮತ್ತೆ, ಬಾಣಂತಿಗೆ ನೀರು ಕೊಡಬಾರದು, ಹೊಲಿಗೆ ಕೀವಾಗುತ್ತೆ ಎಂದು ಹಿರಿಯರು ಹೇಳಿದರೆ ದಯವಿಟ್ಟು ಕೇಳಬೇಡಿ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಎರಡೂ ಬರುತ್ತವೆ. ನಿಮಗಂತೂ ಮಲಬದ್ಧತೆ ಆಗಲೇಬಾರದು.

ಯಜಮಾನರಿಗೆ ಒಂದು ಮಾತು. ಜೋಯಿಸರ ಹತ್ತಿರ ಸಮಯ ಕೇಳುವುದಕ್ಕೆ ನನ್ನ ತಕರಾರಿಲ್ಲ. ಆದರೆ 39 ವಾರ ತುಂಬಿದ ಮೇಲಿನ ದಿನಗಳಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ತಜ್ಞರೂ ಇರುವ ಹೊತ್ತಿನಲ್ಲಿ ಮಾತ್ರ ಕೇಳಿ. ಡೆನ್ಮಾರ್ಕಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ನೋವು ಬರುವ ಮೊದಲೇ ಸಿಸೇರಿಯನ್ ಮಾಡಿದಾಗ ಉಸಿರಾಟದ ತೊಂದರೆ ಆದದ್ದು 37ನೇ ವಾರದಲ್ಲಿ 100ಕ್ಕೆ 10 ಶಿಶುಗಳಿಗೆ, 38ರಲ್ಲಿ 5ಕ್ಕೆ, 39ರಲ್ಲಿ 2ಕ್ಕೆ. ಒಂದು ವಾರ ಹಿಂದಕ್ಕೆ ಹೋದರೆ ಅಪಾಯ ಎರಡರಷ್ಟು. ಒಂದು ಮಗುವನ್ನು ಐಸಿಯುನಲ್ಲಿ ನೋಡಿದ್ದೀರಿ, ಇನ್ನೊಂದನ್ನೂ ಅಲ್ಲಿಗೆ ಕಳಿಸುವ ಮುಹೂರ್ತ ಯಾರಿಗೂ ಬೇಡ. ವಾರದ ಲೆಕ್ಕವನ್ನು ಮೂರನೇ ತಿಂಗಳ ಸ್ಕ್ಯಾನ್ ಪ್ರಕಾರ ಹಾಕಿಸಿ, ಅದೇ ಹೆಚ್ಚು ನಿಖರ.

ಡೇಟ್ ಕೊಟ್ಟ ಮಾತ್ರಕ್ಕೆ ಮಗು ಕಾಯುತ್ತದೆ ಅಂತಲ್ಲ. ಸುಮಾರು ಹತ್ತರಲ್ಲಿ ಒಬ್ಬರಿಗೆ ಆ ದಿನಕ್ಕೆ ಮೊದಲೇ ನೋವು ಶುರುವಾಗುತ್ತದೆ. ಎರಡನೇ ಹೆರಿಗೆ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ಮಧುಗಿರಿಯಿಂದ ತುಮಕೂರಿಗೆ ನಲವತ್ತು ಕಿಲೋಮೀಟರಿಗೂ ಮೇಲೆ ಇದೆ, ಹಳ್ಳಿಯಿಂದ ಇನ್ನೂ ದೂರ. ಆದ್ದರಿಂದ 'ಮೊದಲೇ ನೋವು ಬಂದರೆ ಏನು ಮಾಡುವುದು' ಎಂಬ ಉತ್ತರ ಕೂಡ ಕಾರ್ಡಿನಲ್ಲಿ ಬರೆದಿರಬೇಕು. ಆಗಲೂ ಆಪರೇಷನ್ನೇನಾ? ಬರುವಷ್ಟರಲ್ಲಿ ತಲೆ ಕೆಳಗೆ ಬಂದುಬಿಟ್ಟಿದ್ದರೆ? ಸಾಧ್ಯವಾದರೆ 37 ವಾರದ ನಂತರ ತುಮಕೂರಿನಲ್ಲೋ ಹತ್ತಿರದಲ್ಲೋ ನೆಂಟರ ಮನೆಯಲ್ಲಿರಿ. ನೀರು ಹೋದರೆ, ನೋವು ಶುರುವಾದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಈ ನಡುವೆ ಪರೀಕ್ಷೆಯಲ್ಲಿ ಸ್ನಾಯು ಚೆನ್ನಾಗಿದೆ ಎಂದು ಬಂದರೆ, ಮನಸ್ಸಿಗೂ ಸ್ವಲ್ಪ ಧೈರ್ಯ ಬಂದರೆ, ನಾರ್ಮಲ್‌ಗೆ ಹೋಗೋಣ ಅನಿಸಬಹುದು. ಅದಕ್ಕೂ ಬಾಗಿಲು ತೆರೆದಿರಲಿ. ಹಿಂದೆ ವ್ಯಾಕ್ಯೂಮ್ ಆದವರಲ್ಲಿ ಬಹುತೇಕರಿಗೆ ಎರಡನೆಯದು ಯಾವ ಸಾಧನವೂ ಇಲ್ಲದೆ ಆಗುತ್ತದೆ. ಆಗ ನೀವು ಕೇಳಬೇಕಾದ್ದು ಬೇರೆ. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ಸಿಗುತ್ತದಾ? ಪಕ್ಕದಲ್ಲಿ ಒಬ್ಬರು ಇರಬಹುದಾ? ಎಷ್ಟು ಹೊತ್ತು ಕಾದು ಆಪರೇಷನ್‌ಗೆ ಹೋಗುತ್ತೀರಿ? ಹರಿಯದಂತೆ ಕೈಯಲ್ಲಿ ಆಸರೆ ಕೊಟ್ಟು ನಿಧಾನವಾಗಿ ಹೆರಿಗೆ ಮಾಡಿಸುವ ಹಿರಿಯರು ಆ ಹೊತ್ತಿಗೆ ಇರುತ್ತಾರಾ?

ಪಕ್ಕದಲ್ಲಿ ಇರುವವರ ಮಾತು ಬಂದಾಗ ನಿಮ್ಮತ್ತೆಯವರು ಹೇಳಿದ್ದಕ್ಕೆ ಉತ್ತರ ಕೊಡಬಹುದು. ಅವರ ಕಾಲದಲ್ಲಿ ಮನೆಯಲ್ಲೇ ಹೆತ್ತರು, ನಿಜ. ನಮ್ಮ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಆದರೆ ಆ ಕಾಲದಲ್ಲಿ ಹೆರುವಾಗಲೇ ಪ್ರಾಣ ಕಳೆದುಕೊಂಡವರೂ ಪ್ರತಿ ಊರಲ್ಲೂ ಇದ್ದರು. ಅವರ ಕಥೆ ಹೇಳಲು ಅವರಿಲ್ಲ. ಅತ್ತೆಯವರ ಕಾಲದಿಂದ ತೆಗೆದುಕೊಳ್ಳಬೇಕಾದ ಒಂದು ಒಳ್ಳೆಯ ವಿಷಯ ಇದೆ. ಹೆರುವವಳು ಒಬ್ಬಳೇ ಇರುತ್ತಿರಲಿಲ್ಲ, ಕೈ ಹಿಡಿದುಕೊಂಡು ಒಬ್ಬರು ಕೂತಿರುತ್ತಿದ್ದರು. ಸರ್ಕಾರಿ ಆಸ್ಪತ್ರೆಗಳ ಲೇಬರ್ ರೂಮಿನಲ್ಲೂ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಅತ್ತೆಯವರನ್ನೇ ಕೇಳಿ ನೋಡಿ, 'ಆವತ್ತು ನನಗೆ ಏನಾಯಿತು ಗೊತ್ತಾ' ಅಂತ ಒಂದು ಸಲ ಪೂರ್ತಿ ಹೇಳಿ. ಹೊಲಿಗೆ, ಹೊಡೆತ, ಗ್ಯಾಸಿನ ವಿಷಯ ಸಮೇತ. ಗೊತ್ತಿಲ್ಲದೆ 'ಏನೂ ಆಗಲ್ಲ' ಎನ್ನುತ್ತಿರಬಹುದು.

ಕೇಸ್ ಶೀಟ್ ಕೈಗೆ ಬಂದ ಮೇಲೆ, ಸ್ನಾಯು ಪರೀಕ್ಷೆ, ಸಕ್ಕರೆ, ಹಿಮೋಗ್ಲೋಬಿನ್ ವರದಿ ಸೇರಿಸಿ ಮತ್ತೊಮ್ಮೆ ಬರೆಯಿರಿ. 30ನೇ ವಾರದೊಳಗೆ ಬರೆದರೆ, ಡಾಕ್ಟರ ಹತ್ತಿರ ಮಾತಾಡುವ ಮೊದಲು ಏನೇನು ಕೇಳಬೇಕು ಎಂದು ನಿಮ್ಮ ವರದಿ ನೋಡಿಯೇ ಹೇಳುತ್ತೇನೆ.